ಲಿಂಡಾವ್: ನೀರಿನ ಕಡೆಯಿಂದ ಪ್ರವೇಶಿಸಬೇಕಾದ ಬಂದರು ಪಟ್ಟಣ

ಜರ್ಮನಿಯ ಬವೇರಿಯಾ ರಾಜ್ಯದ ನೈಋತ್ಯ ಅಂಚಿನಲ್ಲಿ, ಬೋಡೆನ್‌ಸೀ ಸರೋವರದೊಳಗಿನ ಪುಟ್ಟ ದ್ವೀಪವೊಂದರ ಮೇಲೆ ಲಿಂಡಾವ್‌ನ ಹಳೆಯ ಪಟ್ಟಣವಿದೆ. ಮ್ಯೂನಿಕ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವವರೇ ಹೆಚ್ಚು. ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದ ನಾವು, ವಯಸ್ಸಾದ ತಾಯಿಯವರು ಜೊತೆಗಿದ್ದುದರಿಂದ ಒಂದು ರಾತ್ರಿ ಉಳಿದೆವು. ಸಾಧ್ಯವಿರುವವರೆಲ್ಲರೂ ಹಾಗೆಯೇ ಮಾಡಬೇಕೆಂಬುದು ನನ್ನ ಸಲಹೆ.

ಪ್ರಾದೇಶಿಕ ರೈಲುಗಳಲ್ಲಿ ಐದು ಮಂದಿಯವರೆಗೆ ಒಟ್ಟಾಗಿ ದಿನವಿಡೀ ಪ್ರಯಾಣಿಸಲು ಬೇಯರ್ನ್ ಟಿಕೆಟ್ ದೊರೆಯುತ್ತದೆ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9 ಗಂಟೆಯ ನಂತರವೇ ಚಾಲ್ತಿಗೆ ಬರುತ್ತದೆ ಮತ್ತು ಜ್ಯೂರಿಕ್ ಕಡೆಗೆ ಹೋಗುವ ವೇಗದ ರೈಲುಗಳಿಗೆ ಅನ್ವಯಿಸುವುದಿಲ್ಲ. ಕೆಲವು ಪ್ರಾದೇಶಿಕ ರೈಲುಗಳು ಇಮ್ಮೆನ್‌ಸ್ಟಾಟ್ ನಿಲ್ದಾಣದಲ್ಲಿ ಎರಡಾಗಿ, ಒಂದು ಭಾಗ ಲಿಂಡಾವ್‌ಗೂ ಇನ್ನೊಂದು ಭಾಗ ಓಬರ್ಸ್ಟ್‌ಡಾರ್ಫ್‌ಗೂ ಹೋಗುತ್ತವೆ. ನಾವು ಕುಳಿತಿದ್ದ ಬೋಗಿ ಓಬರ್ಸ್ಟ್‌ಡಾರ್ಫ್‌ನದು ಎಂದು ಸಹಪ್ರಯಾಣಿಕರೊಬ್ಬರು ಎಚ್ಚರಿಸದಿದ್ದರೆ ದಿನವೇ ಕೆಡುತ್ತಿತ್ತು. ಆದ್ದರಿಂದ ಹತ್ತುವಾಗಲೇ ಬೋಗಿಯ ಫಲಕವನ್ನು ಓದಿಕೊಳ್ಳಿ. ಲಿಂಡಾವ್‌ಗೆ ಎರಡು ನಿಲ್ದಾಣಗಳಿವೆ ಎಂಬುದೂ ನೆನಪಿರಲಿ: 2020ರ ಡಿಸೆಂಬರ್‌ನಲ್ಲಿ ಆರಂಭವಾದ ಲಿಂಡಾವ್-ರಾಯ್ಟಿನ್ ದಡದ ಮೇಲಿದೆ, ಲಿಂಡಾವ್-ಇನ್ಸೆಲ್ ದ್ವೀಪದ ಮೇಲಿದೆ. ‘ಇನ್ಸೆಲ್’ ಎಂದರೆ ದ್ವೀಪವೆಂದೇ ಅರ್ಥ.

ದ್ವೀಪದ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಬಂದರು. 1850ರ ದಶಕದಲ್ಲಿ ರೈಲು ಇಲ್ಲಿಗೆ ಬಂದಾಗ ಬವೇರಿಯಾ ಸರ್ಕಾರ ಬಂದರನ್ನು ಹೊಸದಾಗಿ ಕಟ್ಟಿಸಿ, 1856ರಲ್ಲಿ ಅದರ ಬಾಯಿಯ ಒಂದು ಬದಿಗೆ 33 ಮೀಟರ್ ಎತ್ತರದ ದೀಪಸ್ತಂಭವನ್ನೂ ಇನ್ನೊಂದು ಬದಿಗೆ ಆರು ಮೀಟರ್ ಎತ್ತರದ ಕಲ್ಲಿನ ಸಿಂಹವನ್ನೂ ನಿಲ್ಲಿಸಿತು. ದಡದಲ್ಲಿ ನಿಂತವರಿಗೆ ಆ ಸಿಂಹದ ಬೆನ್ನು ಮಾತ್ರ ಕಾಣುತ್ತದೆ. ಇದೇಕೆ ಹೀಗೆ ಎಂದು ಮಗಳು ಕೇಳಿದಾಗ, “ಬಾಗಿಲು ಕಾಯುವವನು ಹೊರಗಡೆಗಲ್ಲವೇನೇ ಮುಖ ಮಾಡೋದು” ಎಂದರು ನಮ್ಮ ತಾಯಿ.

ಸಿಂಹದ ಮುಖ ನೋಡಬೇಕಾದರೆ ನೀರಿನಿಂದಲೇ ಬರಬೇಕು. ಅದಕ್ಕೆ ಸುಲಭದ ದಾರಿಯೆಂದರೆ, ದ್ವೀಪದಿಂದ ರೈಲಿನಲ್ಲಿ ಆಸ್ಟ್ರಿಯಾದ ಬ್ರೆಗೆಂಟ್ಸ್‌ಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮರಳುವುದು. ಷೆಂಗೆನ್ ವೀಸಾ ಎರಡೂ ದೇಶಗಳಿಗೆ ಸಾಕಾಗುತ್ತದೆಯಾದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ. ಅರ್ಧ ಗಂಟೆಯೊಳಗಿನ ಈ ಪಯಣದ ಕೊನೆಯಲ್ಲಿ ಹಡಗು ವೇಗ ತಗ್ಗಿಸಿ, ಎಡಕ್ಕೆ ದೀಪಸ್ತಂಭ, ಬಲಕ್ಕೆ ಸಿಂಹ ಇರುವಂತೆ ಆ ಕಿರುದಾರಿಯೊಳಗೆ ನುಸುಳುವಾಗ, ಹೆಂಚುಗಳು ಬಣ್ಣಬಣ್ಣವಾಗಿ ಹೊಳೆಯುವ ಮಾಂಗ್‌ಟುರ್ಮ್ ಎಂಬ ಹಳೆಯ ದೀಪಗೋಪುರ ಎದುರಾಗುತ್ತದೆ. ನಮ್ಮ ಇಡೀ ಪ್ರವಾಸದಲ್ಲಿ ಇದಕ್ಕಿಂತ ಸೊಗಸಾದ ಗಳಿಗೆ ಇನ್ನೊಂದಿರಲಿಲ್ಲ. ಹಡಗುಗಳು ವಸಂತದಿಂದ ಅಕ್ಟೋಬರ್‌ವರೆಗೆ ಮಾತ್ರ ನಿಯಮಿತವಾಗಿ ಓಡುವುದರಿಂದ ಚಳಿಗಾಲದಲ್ಲಿ ಹೋಗುವವರಿಗೆ ಈ ಭಾಗ್ಯವಿಲ್ಲ.

ಸರೋವರ ಶಾಂತವಾಗಿ ಕಂಡರೂ ಗಾಳಿ ಬಲುಬೇಗ ಏಳುತ್ತದೆ. ದಡದ ಕಿತ್ತಳೆ ದೀಪಗಳು ನಿಮಿಷಕ್ಕೆ 40 ಬಾರಿ ಮಿನುಗಿದರೆ ಬಲವಾದ ಗಾಳಿಯ ಮುನ್ಸೂಚನೆ, 90 ಬಾರಿ ಮಿನುಗಿದರೆ ಬಿರುಗಾಳಿಯ ಎಚ್ಚರಿಕೆ. ಬಾಡಿಗೆ ದೋಣಿಯಲ್ಲಿ ಹೋಗುವವರು ಆ ದೀಪ ಕಂಡೊಡನೆ ದಡ ಸೇರಬೇಕು.

ದ್ವೀಪ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಹಿರಿಯರಿಗೆ ನಡೆಯುವುದು ಕಷ್ಟವಲ್ಲ. ಆದರೆ ಕಲ್ಲು ಹಾಸಿದ ಬೀದಿಗಳಿಗೆ ದಪ್ಪ ಅಟ್ಟೆಯ ಪಾದರಕ್ಷೆ ಬೇಕು. 1496ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಸಭೆ ನಡೆದ, ಗೋಡೆಯ ತುಂಬ ಚಿತ್ರಗಳಿರುವ ಹಳೆಯ ಪುರಭವನವನ್ನು ಹೊರಗಿನಿಂದ ನೋಡಿ, ಪಶ್ಚಿಮದ ತುದಿಯಲ್ಲಿರುವ ಪೀಟರ್ಸ್‌ಕಿರ್ಶೆಗೆ ಹೆಚ್ಚು ಸಮಯ ಕೊಡಿ. ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿರುವ ಆ ಚರ್ಚಿನೊಳಗೆ ಜರ್ಮನ್ ಚಿತ್ರಕಾರ ಹಿರಿಯ ಹಾನ್ಸ್ ಹೋಲ್ಬೈನ್ ರಚಿಸಿದ ಭಿತ್ತಿಚಿತ್ರಗಳು ಮಾಸಿದ ಬಣ್ಣದಲ್ಲಿ ಇನ್ನೂ ಉಳಿದಿವೆ.

ಸಸ್ಯಾಹಾರಿಗಳಿಗೆ ಎಲ್ಲೆಡೆ ಸಿಗುವ ತಿನಿಸು ಕೇಸ್‌ಷ್ಪೆಟ್ಸ್ಲೆ: ಹಿಟ್ಟನ್ನು ಕುದಿಯುವ ನೀರಿಗೆ ಇಳಿಬಿಟ್ಟು ಬೇಯಿಸಿ, ಚೀಸ್ ಬೆರೆಸಿ, ಮೇಲೆ ಕೆಂಪಗೆ ಹುರಿದ ಈರುಳ್ಳಿ ಹಾಕಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಸೇರಿಸಿ ಕಲಸಿರುತ್ತಾರೆ, ಹಾಗಾಗಿ ಮೊಟ್ಟೆ ತಿನ್ನದವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ.

1951ರಿಂದ ಪ್ರತಿ ಬೇಸಿಗೆಯಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿಗಳ ಸಮಾವೇಶ ಇಲ್ಲಿ ನಡೆಯುತ್ತದೆ. ಆ ವಾರದ ದಿನಾಂಕಗಳನ್ನು ಮೊದಲು ನೋಡಿಕೊಂಡು, ಅವನ್ನು ಬಿಟ್ಟು ಕೋಣೆ ಕಾಯ್ದಿರಿಸಿ.