ಬುಡ ನೋಡಿ ಕ್ರೀಮು ಆರಿಸಿದ ಶನಿವಾರ

ಮುಂಬಯಿಯ ಮುಲುಂಡಿನ ಸಲೂನೊಂದರಲ್ಲಿ ಹನ್ನೊಂದು ವರ್ಷಗಳಿಂದ ಟೆಕ್ನಿಕಲ್ ಸರ್ವಿಸ್, ಅಂದರೆ ಕೂದಲಿಗೆ ಬಣ್ಣ ಹಾಕುವ, ನೇರ ಮಾಡುವಂಥ ಕೆಲಸ ನೋಡಿಕೊಳ್ಳುತ್ತಿರುವ ನನಗೆ, ಜೂನ್ ತಿಂಗಳ ಮೊದಲ ಮಳೆ ಬಿತ್ತೆಂದರೆ ಮುಂದಿನ ಎರಡು ವಾರ ಹೊತ್ತಿಗೆ ಸರಿಯಾಗಿ ಊಟವಿಲ್ಲ ಎಂಬುದು ಅಭ್ಯಾಸವಾಗಿಹೋಗಿದೆ. ಹವೆಯಲ್ಲಿ ತೇವ ಏರಿದ ಕೂಡಲೇ ಗುಂಗುರು ಕೂದಲು ಉಬ್ಬಿ ನಿಲ್ಲುತ್ತದೆ. ಲೋಕಲ್ ಟ್ರೈನಿನಿಂದ ಇಳಿದವರು ನೇರವಾಗಿ ನಮ್ಮ ಕೌಂಟರಿಗೆ ಬಂದು, ತಲೆಯನ್ನು ಹೇಗಾದರೂ ಮಾಡಿ ಒಂದು ಹದಕ್ಕೆ ತಂದುಕೊಡಿ ಎನ್ನುತ್ತಾರೆ.

ಮೂರು ವರ್ಷಗಳ ಹಿಂದೆ, ಅಂಥದೇ ಒಂದು ಶನಿವಾರ ಬಂದ ಹುಡುಗಿ ಕುರ್ಚಿಯಲ್ಲಿ ಕುಳಿತು ತಾಯಿಯೊಡನೆ ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ನನಗಾದ ಸಂತೋಷವೇ ಮುಂದಿನ ಅನಾಹುತಕ್ಕೆ ದಾರಿ ಮಾಡಿತು. ಕನ್ಸಲ್ಟೇಶನ್ನಿಗೆಂದು ನಮಗೆ ಕೊಡುವುದೇ ಹತ್ತು ನಿಮಿಷ. ಅದರಲ್ಲಿ ಏಳು ನಿಮಿಷ, ಅವಳದು ಕಾಪು, ನನ್ನದು ಕುಂದಾಪುರ, ಶುಭಕಾರ್ಯ ನಡೆಯದ ಆಟಿ ತಿಂಗಳು ಹಿಡಿಯುವ ಮೊದಲೇ ಊರಿನಲ್ಲಿ ಅಕ್ಕನ ಮದುವೆ, ಶಂಕರಪುರ ಮಲ್ಲಿಗೆಯ ಅಟ್ಟೆಗಳಿಗೆ (ಕಟ್ಟಿದ ಹೂವಿನ ಲೆಕ್ಕ) ಈಗಲೇ ಹೇಳಿಟ್ಟಾಗಿದೆ ಎಂಬ ಮಾತುಗಳಲ್ಲಿ ಕಳೆದುಹೋಯಿತು. ಉಳಿದ ಮೂರು ನಿಮಿಷದಲ್ಲಿ ಫಾರ್ಮಿನಲ್ಲಿ ಅಚ್ಚಾಗಿದ್ದ ಪ್ರಶ್ನೆಯನ್ನು ಅಚ್ಚಾಗಿದ್ದಂತೆಯೇ ಕೇಳಿದೆ: “ಈ ಒಂದು ವರ್ಷದಲ್ಲಿ ಕಲರ್ ಏನಾದರೂ ಮಾಡಿಸಿದ್ದೀರಾ?”

“ಇಲ್ಲ ಅಕ್ಕ, ಏನೂ ಮಾಡಿಸಲಿಲ್ಲ.”

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರ್. ನಡುಬೆನ್ನಿನವರೆಗೆ ಇಳಿದಿದ್ದ ಅವಳ ಕೂದಲಿನಲ್ಲಿ ನನ್ನ ಪ್ರಶ್ನೆ ಮುಟ್ಟಿದ್ದು ಬುಡದ 12ರಿಂದ 15 ಸೆಂಟಿಮೀಟರನ್ನು ಮಾತ್ರ. ಅದರ ಕೆಳಗಿನದೆಲ್ಲ ಅದಕ್ಕೂ ಹಳೆಯ ಕೂದಲು, ಅದರ ಬಗ್ಗೆ ನಾನು ಏನನ್ನೂ ಕೇಳಿರಲಿಲ್ಲ. ಕೈಯಿಟ್ಟು ನೋಡಿದ್ದೂ ನೆತ್ತಿಯ ಬಳಿ. ಅಲ್ಲಿ ದಪ್ಪನೆಯ, ಗಡುಸಾದ, ಯಾರೂ ಮುಟ್ಟದ ಕೂದಲಿತ್ತು. ಗುಂಗುರನ್ನು ಕಾಯಂ ನೇರ ಮಾಡುವ ರೀಬಾಂಡಿಂಗ್ ಎಂದು ಬರೆದು, ಗಡುಸು ಕೂದಲಿಗೆಂದೇ ಇರುವ ರೆಸಿಸ್ಟೆಂಟ್ ಟ್ಯೂಬು ತೆಗೆದು, ಬುಡದಿಂದ ಅರ್ಧ ಇಂಚು ಬಿಟ್ಟು ತುದಿಯವರೆಗೂ ಒಂದೇ ಕ್ರೀಮನ್ನು ಎಳೆದೆ. ಒಂದು ಎಳೆಯನ್ನು ಎರಡು ಬೆರಳ ನಡುವೆ ತುದಿಯಿಂದ ಬುಡದ ಕಡೆಗೆ ಜಾರಿಸಿದ್ದರೂ ಒರಟು ತಿಳಿದುಬಿಡುತ್ತಿತ್ತು. ಮೊದಲು ಒಂದು ಎಳೆಗಷ್ಟೇ ಹಚ್ಚಿ ನೋಡುವ ಸ್ಟ್ರ್ಯಾಂಡ್ ಟೆಸ್ಟ್ ಮಾಡಲಿಲ್ಲ, ಏಕೆಂದರೆ ಎರಡು ಗಂಟೆಗೆ ಇನ್ನೊಂದು ಅಪಾಯಿಂಟ್‌ಮೆಂಟ್ ಇತ್ತು ಮತ್ತು ತಿಂಗಳ ಟಾರ್ಗೆಟ್ ಇನ್ನೂ ಅರ್ಧವೂ ಆಗಿರಲಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ಒಂದು ಎಳೆಯನ್ನು ಎಳೆದು ನೋಡಿದೆ. ಬುಡದ ಕಡೆ ಕೂದಲು ಇನ್ನೂ ಬಗ್ಗಿರಲೇ ಇಲ್ಲ. ತುದಿಯ ಕಡೆ ಅದು ಒತ್ತು ಶ್ಯಾವಿಗೆಯ ಹಾಗೆ ಉದ್ದಕ್ಕೆ ಬಂದಿತು, ಬಿಟ್ಟರೆ ಹಿಂದಕ್ಕೆ ಹೋಗಲಿಲ್ಲ. ಇನ್ನೊಂದು ಕಡೆ ಟೇಲ್ ಕೋಂಬ್ ಹಾಕಿದಾಗ ಎರಡು ಬೆರಳಷ್ಟು ಉದ್ದದ ತುಂಡು ಬಾಚಣಿಗೆಯಲ್ಲೇ ಉಳಿಯಿತು. ಕನ್ನಡಿಯಲ್ಲಿ ಅವಳಿಗೆ ಕಾಣದಂತೆ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ; ಆ ಒಂದು ಕೆಲಸಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ತಲೆ ತೊಳೆಯುವ ಎರಡು ಬ್ಯಾಕ್‌ವಾಶ್‌ಗಳಲ್ಲಿ ಒಂದು ಕೆಟ್ಟು ತಿಂಗಳಾಗಿತ್ತು, ಇನ್ನೊಂದರಲ್ಲಿ ಹೇರ್ ಸ್ಪಾದ ಗಿರಾಕಿ ಕಣ್ಣು ಮುಚ್ಚಿ ಮಲಗಿದ್ದರು, ಹೆಲ್ಪರ್ ಹುಡುಗ ವಡಾಪಾವ್ ತರಲು ಕೆಳಗೆ ಹೋಗಿದ್ದ. ಆ ಗಿರಾಕಿಯನ್ನು ಎಬ್ಬಿಸಿ, ತಲೆಗೆ ಟವೆಲ್ ಸುತ್ತಿ ಪಕ್ಕಕ್ಕೆ ಕೂರಿಸಿ, ಇವಳ ತಲೆಗೆ ತಣ್ಣೀರು ಬಿಡುವಷ್ಟರಲ್ಲಿ ನಾಲ್ಕು ನಿಮಿಷ ಹೋಗಿತ್ತು. ಕ್ರೀಮಿಗೆ ಆ ನಾಲ್ಕು ನಿಮಿಷ ಧಾರಾಳವಾಯಿತು.

“ಅಕ್ಕ, ಎರಡು ವರ್ಷದ ಹಿಂದೆ ಹೈಲೈಟ್ಸ್ ಮಾಡಿಸಿದ್ದೆ. ಅಮ್ಮ ಬೈದರು ಅಂತ ಮನೆಯಲ್ಲೇ ಕಪ್ಪು ಹಚ್ಚಿಕೊಂಡೆ. ಅದೂ ಲೆಕ್ಕಕ್ಕೆ ಬರುತ್ತದಾ?” ಎಂದು ನೀರಿನ ಸದ್ದಿನ ನಡುವೆ ಅವಳು ಕೇಳಿದಳು.

ಲೆಕ್ಕಕ್ಕೆ ಬರುವುದು ಅದೊಂದೇ ಆಗಿತ್ತು. ನಾನು ಹಚ್ಚಿದ್ದ ಥಯೋ ಕ್ರೀಮು ಮಾಡುವ ಕೆಲಸವೆಂದರೆ ಕೂದಲಿನ ಪ್ರೋಟೀನಾದ ಕೆರಾಟಿನ್ನಿನ ಗಂಧಕದ ಬಂಧಗಳನ್ನು ಬಿಡಿಸುವುದು. ಬಿಸಿ ಐರನ್ನಿನಿಂದ ಪ್ರೆಸ್ಸಿಂಗ್ ಆದ ಮೇಲೆ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಅವನ್ನು ಹೊಸ ಜಾಗದಲ್ಲಿ ಮತ್ತೆ ಕಟ್ಟುತ್ತದೆ. ಹೈಲೈಟ್ಸ್‌ಗೆ ಹಾಕುವ ಬ್ಲೀಚ್ ಒಮ್ಮೆ ಕೆಡಿಸಿದ ಬಂಧ ಹಾಗೆ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಮೇಲೆ ಎಷ್ಟು ಕಪ್ಪು ಬಳಿದರೂ ಒಳಗೆ ಕೂದಲು ಟೊಳ್ಳೇ. ಫ್ಲೋರ್ ಮ್ಯಾನೇಜರ್ ಬಂದು ‘ಪ್ರೆಸ್ಸಿಂಗ್ ಮಾಡಿಬಿಡಿ, ಕೂತುಕೊಳ್ಳುತ್ತದೆ’ ಎಂದರು. ಆ ಕೂದಲಿಗೆ ಬಿಸಿ ಐರನ್ ತಾಗಿಸಿದ್ದರೆ ಅದು ಐರನ್ನಿಗೇ ಅಂಟಿಕೊಂಡು ಬರುತ್ತಿತ್ತು. ನಾನು ನೇರವಾಗಿ ನ್ಯೂಟ್ರಲೈಸರ್ ಹಾಕಿ, ತೊಳೆದು, ಕತ್ತರಿ ತೆಗೆದೆ. ಭುಜದವರೆಗೆ ಬಂದು ನಿಂತಿತು.

ಸರಿಯಾದ ಆಯ್ಕೆ ಯಾವುದಾಗಿತ್ತು ಎಂದು ಹೊಸ ಹುಡುಗಿಯರು ಈಗ ಕೇಳುತ್ತಾರೆ. ಬುಡದಿಂದ ತುದಿಯವರೆಗೆ ಏನೂ ಸೋಕದ ದಪ್ಪ ಗುಂಗುರಿಗೆ ರೀಬಾಂಡಿಂಗ್ ಸರಿ. ತೆಳ್ಳಗಿನ ಕೂದಲಿಗೆ ಅದನ್ನು ಮಾಡಿದರೆ ಬೈತಲೆ ಅಗಲವಾಗಿ ಕಾಣುತ್ತದೆ, ಅವರಿಗೆ ಮೆಲುವಾದ ಸ್ಮೂದನಿಂಗ್ ಸಾಕು. ಕಪ್ಪು ಬಣ್ಣ ಬರುವ ಕಾಳೀ ಮೆಹೆಂದಿ ಹಚ್ಚಿದವರನ್ನು ನಾನು ಟೆಸ್ಟ್ ಮಾಡದೆ ಮುಟ್ಟುವುದಿಲ್ಲ. ಅದರಲ್ಲಿ ಲೋಹದ ಲವಣವಿದ್ದರೆ ಪೆರಾಕ್ಸೈಡ್ ತಾಗಿದೊಡನೆ ಎಳೆ ಕೈಯಲ್ಲೇ ಬಿಸಿಯಾಗುತ್ತದೆ. ಈ ಹುಡುಗಿಗೆ ಅಂದು ಥಯೋ ಬೇಡವೇ ಬೇಡವಾಗಿತ್ತು. ಗಂಧಕದ ಬಂಧಕ್ಕೆ ಕೈಹಾಕದ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿ, ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ ಎಂದು ಮೊದಲೇ ಹೇಳಬಹುದಿತ್ತು, ಅದೂ ಐರನ್ನಿನ ಬಿಸಿ ತಗ್ಗಿಸಿಕೊಂಡು. ಕೆರಾಟಿನ್ ಎಂದರೆ ಸಾಧು ಎಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಹಲವು 200 ಡಿಗ್ರಿ ದಾಟಿದ ಐರನ್ನಿನ ಕೆಳಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ತರುವುದೆಂದು ಖಚಿತವಾದ ವಸ್ತುಗಳ ಸಾಲಿನಲ್ಲಿದೆ. ಎಕ್ಸಾಸ್ಟ್ ಫ್ಯಾನ್ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದೇವೆ. ಎಸಿ ಇದೆಯಲ್ಲ ಎನ್ನುತ್ತಾರೆ.

ನಮ್ಮ ರೇಟ್ ಕಾರ್ಡಿನಲ್ಲಿ ಭುಜದವರೆಗೆ, ನಡುಬೆನ್ನಿನವರೆಗೆ, ಸೊಂಟದವರೆಗೆ ಎಂಬ ಮೂರು ಸಾಲುಗಳಿವೆ. ಆ ಕೂದಲಿಗೆ ಹಿಂದೆ ಏನಾಗಿತ್ತು ಎಂಬುದಕ್ಕೆ ಸಾಲಿಲ್ಲ. ಆ ಶನಿವಾರದ ನಂತರ ಪ್ರತಿ ಫಾರ್ಮಿನ ಕೆಳಗೂ ‘ತುದಿಯ ಕೂದಲು ಹುಟ್ಟಿದಾಗಿನಿಂದ ತಲೆಗೆ ಏನೇನು ಹಚ್ಚಿದ್ದೀರಿ, ಮನೆಯದೂ ಸೇರಿ’ ಎಂದು ಪೆನ್ನಿನಿಂದ ಬರೆದು ಕೇಳುತ್ತಿದ್ದೆ. ಅದನ್ನು ಅಚ್ಚು ಹಾಕಿಸಿ ಎಂದು ಮ್ಯಾನೇಜರಿಗೆ ಕೊಟ್ಟೆ. ಹೊಸ ಕಟ್ಟು ಬಂದಾಗ ತೆರೆದು ನೋಡಿದರೆ, ಹೊಸದಾಗಿ ಸೇರಿದ್ದು ಗಿರಾಕಿಯ ಮದುವೆಯ ವಾರ್ಷಿಕೋತ್ಸವದ ದಿನಾಂಕ.

ಆ ಹುಡುಗಿ ಮದುವೆ ಮುಗಿಸಿ ಬಂದ ಮೇಲೆ ಒಂದು ಫೋಟೊ ಕಳಿಸಿದ್ದಳು. ಭುಜದವರೆಗಿನ ಕೂದಲಿಗೆ ಚೌರಿ ಜೋಡಿಸಿ, ಹತ್ತಾರು ಪಿನ್ನು ಚುಚ್ಚಿ, ಅಷ್ಟೂ ಮಲ್ಲಿಗೆಯನ್ನು ಮುಡಿಸಿದ್ದರು. ‘ಯಾರಿಗೂ ಗೊತ್ತಾಗಲಿಲ್ಲ ಅಕ್ಕ’ ಎಂದು ಕೆಳಗೆ ಬರೆದಿದ್ದಳು. ಪಿನ್ನುಗಳು ನನಗೆ ಕಾಣುತ್ತಿದ್ದವು.