ಕಟ್ಟೆ ಎಷ್ಟು ಅಡಿ ಬಂತು?

ಮಹಾಲಯ ಅಮಾವಾಸ್ಯೆ ಅನ್ನುವ ಹೆಸರನ್ನು ನಮ್ಮ ಅಜ್ಜಿ ಕ್ಯಾಲೆಂಡರಿಗೆ ಬಿಟ್ಟುಕೊಟ್ಟಿದ್ದಳು. ಅವಳಿಗೆ ಅದು ಪಕ್ಷದ ಹಬ್ಬ. ನಮ್ಮ ಮಂಡ್ಯ ಕಡೆ ಎಲ್ಲರಿಗೂ ಹಾಗೇ. ಹಿರಿಯರಿಗೆ ಎಡೆ ಇಡುವ ದಿನ.

ಚಿಕ್ಕವಳಿದ್ದಾಗ ಈ ಹಬ್ಬದಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಎರಡೇ. ಒಂದು ಕಜ್ಜಾಯ. ಇನ್ನೊಂದು, ಅಜ್ಜಿ ತಾತನ ಜೊತೆ ಮಾತಾಡುವುದನ್ನು ಕೇಳುವುದು. ತಾತ ತೀರಿಕೊಂಡದ್ದು ನಾನು ಹುಟ್ಟುವ ಮುಂಚೆ. ಅವರ ಫೋಟೊ ಮುಂದೆ ಬಾಳೆ ಎಲೆ ಹಾಸಿ, ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ ಬಡಿಸಿ, ಹೊಸ ಪಂಚೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ ಅಜ್ಜಿ ಶುರು ಮಾಡುತ್ತಿದ್ದಳು. “ತಕ್ಕಳಿ ನಿಮ್ ಬೀಡಿ. ಒಂದ್ ಕಟ್ಟು ಮಡಗಿವ್ನಿ. ಪೂರ್ತಿ ಸೇದ್ಬೇಡಿ, ಕೆಮ್ಮು ಬತ್ತದೆ.” ಆಮೇಲೆ ವರ್ಷದ ವರದಿ. ಯಾವ ಹಸು ಕರು ಹಾಕಿತು, ಯಾರ ಮದುವೆ ಗೊತ್ತಾಯಿತು, ಕಬ್ಬಿನ ದುಡ್ಡು ಕೈಗೆ ಬಂತೋ ಇಲ್ಲವೋ. ಕೊನೆಗೆ ಕಟ್ಟೆಯ ಸುದ್ದಿ. ಅದನ್ನು ಹೇಳದೆ ಅವಳು ಎದ್ದದ್ದೇ ಇಲ್ಲ.

ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ. ಕೆಆರ್‌ಎಸ್. ತುಂಬಿದರೆ 124.80 ಅಡಿ. ಈ ಲೆಕ್ಕ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅಜ್ಜಿಗೆ ಓದು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಬರುವ ಆ ಪುಟ್ಟ ಚೌಕವನ್ನು ನಾನು ಓದಿ ಹೇಳಬೇಕಿತ್ತು. ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೇಳಿಸಿಕೊಂಡು ಬೆರಳು ಮಡಚುತ್ತಾ ಕೂರುತ್ತಿದ್ದಳು. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅನ್ನುವುದು ಅವಳಿಗೆ ಆಗಲೇ ಅಂದಾಜು ಸಿಕ್ಕಿರುತ್ತಿತ್ತು.

ಅವಳ ದೇವರು ಆ ನೀರೇ ಅಂತ ನನಗೆ ಈಗ ಅನ್ನಿಸುತ್ತದೆ. ದೇವರ ಗೂಡಿನಲ್ಲಿ ಚಾಮುಂಡಿ ಪಕ್ಕ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೊ ಇತ್ತು. ಕಟ್ಟೆ ಕಟ್ಟಿಸಿದ ಪುಣ್ಯಾತ್ಮ ಅಂತ ಅದಕ್ಕೂ ದಿನಾ ಹೂವು. ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ನಮ್ಮ ಗದ್ದೆಗೆ ಬಂದ ಮೊದಲ ದಿನ ಚಪ್ಪಲಿ ಬಿಟ್ಟು ಬದುವಿಗೆ ಹೋಗಿ, ನೀರಿಗೆ ಅರಿಶಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದಳು. ಒಂದು ಸಲ ತಲಕಾವೇರಿಗೆ ಕರೆದುಕೊಂಡು ಹೋಗುತ್ತೇನೆ ಅಂದೆ. “ಕಾವೇರವ್ವನೇ ನಮ್ ಗದ್ದೆಗೆ ಬತ್ತಳೆ. ನಾನ್ಯಾಕೆ ಅಷ್ಟು ದೂರ ಹೋಗನ?” ಅಂದಳು. ಇದಕ್ಕೆ ಏನು ಹೇಳೋದು ಹೇಳಿ.

ನಾನು ಬೆಂಗಳೂರಿಗೆ ಬಂದ ಮೇಲೂ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ಕಟ್ಟೆಯದ್ದೇ. ಊಟ ಆಯ್ತಾ ಅನ್ನುವುದು ಆಮೇಲೆ.

ಅಜ್ಜಿ ಹೋಗಿದ್ದು 2023ರಲ್ಲಿ. ಅಧಿಕ ಶ್ರಾವಣ ಬಂದ ವರ್ಷ. ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಲಿಲ್ಲ. ಹಾಸಿಗೆ ಹಿಡಿದಿದ್ದವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಕಟ್ಟೆ ಎಷ್ಟು ಅಡಿ ಬಂತು?” ಮಟ್ಟ ದಿನಾ ಇಳಿಯುತ್ತಿತ್ತು. ನಾನು “ತುಂಬ್ತಾ ಇದೆ ಅಜ್ಜಿ” ಅಂದೆ. ಅವಳು ಬೆರಳು ಮಡಚಲಿಲ್ಲ. ಹೂಂ ಅಂದಳು ಅಷ್ಟೆ. ನಂಬಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅಸ್ಥಿ ಬಿಟ್ಟಿದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಪೂರ್ವಕ್ಕೆ ಹೋಗುವ ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ, ಅದಕ್ಕೇ ಆ ಹೆಸರು. ಅವತ್ತು ನೀರು ಬಂಡೆಗಳ ಸಂದಿಯಲ್ಲಿ ಸುಮ್ನೆ ನಿಂತಿತ್ತು. ಅಪ್ಪ ಇನ್ನಷ್ಟು ಒಳಗೆ ಇಳಿದು, ನೀರು ಹರಿಯುವ ಕಡೆ ಹುಡುಕಿ ಬಿಟ್ಟರು.

ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷಕ್ಕೆ ಮತ್ತೆ ಅಲ್ಲಿಗೇ ಹೋದೆವು. 2024ರ ಅಕ್ಟೋಬರ್ 2. ಅಮಾವಾಸ್ಯೆ, ಗಾಂಧಿ ಜಯಂತಿ ಎರಡೂ ಒಂದೇ ದಿನ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇದೇ ಪಶ್ಚಿಮವಾಹಿನಿಯಲ್ಲಿ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪುರೋಹಿತರು ಗೋತ್ರ ಕೇಳಿದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಶಿವಗೋತ್ರ ಅಂತ ಅವರೇ ಸೇರಿಸಿಕೊಂಡು ಎಳ್ಳು ನೀರು ಬಿಡಿಸಿದರು. ಈ ಸಲ ಎಳ್ಳು ಅಂಗೈಯಿಂದ ಜಾರಿದ್ದಷ್ಟೇ ಗೊತ್ತು. ನೀರು ಎಳೆದುಕೊಂಡು ಹೋಗೇಬಿಟ್ಟಿತು.

ಮನೆಗೆ ಬಂದು ಎಡೆಗೆ ಕೂತೆವು. ಗಾಂಧಿ ಜಯಂತಿ ಅಂತ ಪೇಟೆಯಲ್ಲಿ ಮಾಂಸದ ಅಂಗಡಿ ಮುಚ್ಚಿದ್ದವು. ನಮ್ಮದು ಹಿತ್ತಲ ಕೋಳಿ, ತೊಂದರೆ ಆಗಲಿಲ್ಲ. ಅಮ್ಮ ಅಜ್ಜಿಯ ಎಲೆಗೆ ಐದು ಕಜ್ಜಾಯ ಇಟ್ಟಳು. ಸಕ್ಕರೆ ಕಾಯಿಲೆ ಅಂತ ಕೊನೆಯ ನಾಲ್ಕು ವರ್ಷ ನಾವು ಕಜ್ಜಾಯದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದೆವು. ಒಂದು ಸಲ ಸ್ಟೂಲು ಹತ್ತಿ ಸಿಕ್ಕಿಬಿದ್ದಿದ್ದಳು. ಅವತ್ತು ನಾನೇ ಬೈದಿದ್ದೆ. ಐದರ ಪಕ್ಕ ಇನ್ನೆರಡು ಇಟ್ಟೆ. ಎಲೆ ಅಡಿಕೆ, ಕಡ್ಡಿಪುಡಿ, ಹೊಸ ಸೀರೆಯೂ ಆಯಿತು.

ಅಡ್ಡಬಿದ್ದು ಎದ್ದ ಮೇಲೆ ಅಪ್ಪ, “ಅವ್ವ ಮಾತಾಡ್ತಿದ್ಲಲ್ಲ, ನೀನೂ ಏನಾರ ಹೇಳು” ಅಂದರು. ಎಲ್ಲರೂ ನೋಡುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಹಿರಿಯರು ಊಟ ಮಾಡುವಾಗ ನೋಡಬಾರದು ಅಂತ ನಮ್ಮಲ್ಲಿ ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತೇವೆ. ಒಬ್ಬೊಬ್ಬರೇ ಜಗಲಿಗೆ ಹೋದರು. ಕೊನೆಗೆ ಉಳಿದವಳು ನಾನು. ಹೊಗೆಯಲ್ಲಿ ಫೋಟೊ ಸರಿಯಾಗಿ ಕಾಣುತ್ತಿರಲಿಲ್ಲ.

“ಅಜ್ಜೀ, ಅವತ್ತು ಸುಳ್ಳು ಹೇಳಿದ್ದೆ. ಈ ವರ್ಷ ನಿಜವಾಗ್ಲೂ ತುಂಬಿದೆ. ನೂರ ಇಪ್ಪತ್ನಾಲ್ಕು ಅಡಿ.”

ಹೊರಗೆ ಬಂದು ಬಾಗಿಲು ಎಳೆದುಕೊಂಡೆ.