ಕೊಡಗಿನ ಪಟ್ಟಣಗಳಲ್ಲಿ ಬೈಲಾ ತಿದ್ದುವಾಗ

ಕೆಲವು ದೇಶಗಳಲ್ಲಿ ನಗರಕ್ಕೆ ತನ್ನದೇ ಸನ್ನದು ಇರುತ್ತದೆ, ಸಮಿತಿ ಮಾಡಿ ಅದನ್ನು ತಿದ್ದಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮಡಿಕೇರಿ ನಗರಸಭೆ, ವಿರಾಜಪೇಟೆ ಮತ್ತು ಕುಶಾಲನಗರದ ಪುರಸಭೆಗಳು, ಸೋಮವಾರಪೇಟೆ ಪಟ್ಟಣ ಪಂಚಾಯಿತಿ ಎಲ್ಲವೂ ನಿಂತಿರುವುದು 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಮೇಲೆ. ಊರಿನವರು ತಾವೇ ಬರೆದುಕೊಳ್ಳಬಹುದಾದದ್ದು ಉಪವಿಧಿ, ಅಂದರೆ ಬೈಲಾ. ಅದಕ್ಕೆ ಅಧಿಕಾರ ಕೊಡುವುದು ಆ ಕಾಯಿದೆಯ 324ನೇ ಪ್ರಕರಣ (ಸೆಕ್ಷನ್). ಕರಡು ಪ್ರಕಟಣೆ, ಆಕ್ಷೇಪಣೆ, ಸಾಮಾನ್ಯ ಸಭೆಯ ತೀರ್ಮಾನ, ಸರ್ಕಾರದ ಮಂಜೂರಾತಿ, ರಾಜ್ಯಪತ್ರ (ಗೆಜೆಟ್) ಎನ್ನುವ ಕ್ರಮ ಎಲ್ಲರಿಗೂ ಗೊತ್ತು. ಬೈಲಾ ಬಿದ್ದುಹೋಗುವುದು ಈ ಮೆಟ್ಟಿಲುಗಳ ನಡುವಿನ ಸಣ್ಣ ಕಾಗದಗಳಲ್ಲಿ.

ಮೊದಲು ಹಳೆಯ ಬೈಲಾದ ರಾಜ್ಯಪತ್ರದ ಪ್ರತಿಯನ್ನೇ ಹುಡುಕಬೇಕು. ಕಚೇರಿಯಲ್ಲಿ ಓಡಾಡುವ ಟೈಪ್ ಪ್ರತಿಯನ್ನು ನಂಬಬಾರದು. ನಕಲು ಮಾಡುತ್ತಾ ಮಾಡುತ್ತಾ ಒಂದು ಸಾಲು ಬಿಟ್ಟುಹೋಗಿರುತ್ತದೆ, ದರದ ಅನುಸೂಚಿ, ಅಂದರೆ ಕೊನೆಯಲ್ಲಿ ಲಗತ್ತಿಸುವ ಪಟ್ಟಿ, ಬೇರೆ ವರ್ಷದ್ದಾಗಿರುತ್ತದೆ. ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಇಲ್ಲಿ ನಡೆಯುತ್ತಿದ್ದುದು 1907ರ ಕೂರ್ಗ್ ಮುನಿಸಿಪಲ್ ರೆಗ್ಯುಲೇಷನ್. ಹಳೆಯ ಕಡತದಲ್ಲಿ ಆ ಕಾಲದ ಆದೇಶದ ಉಲ್ಲೇಖ ಕಂಡರೆ, ಅದರ ಜಾಗಕ್ಕೆ ಈಗ ಯಾವ ಪ್ರಕರಣ ಬಂದಿದೆ ಎಂದು ನೋಡಿಯೇ ಮುಂದುವರಿಯಬೇಕು.

ಆಮೇಲೆ ನಾಲ್ಕು ಅಂಕಣದ ಪಟ್ಟಿ: ಈಗಿನ ಖಂಡ (ಕಲಮು), ಬದಲಾಗುವ ಖಂಡ, ಅದಕ್ಕೆ ಅಧಿಕಾರ ಕೊಡುವ ಪ್ರಕರಣ, ಕಾರಣ. ಮೂರನೇ ಅಂಕಣ ಖಾಲಿ ಉಳಿದ ಖಂಡವನ್ನು ಅಲ್ಲೇ ಕೈಬಿಡಿ. ಮೂಲ ಕಾಯಿದೆ ಕೊಡದ ಅಧಿಕಾರವನ್ನು ಬೈಲಾ ಹುಟ್ಟಿಸಲಾರದು. ಕಾಯಿದೆ ಇಟ್ಟ ಮಿತಿ ಮೀರಿದ ದಂಡ ಕೋರ್ಟಿನಲ್ಲಿ ನಿಲ್ಲದು. ಪ್ರವಾಸಿಗರಿಂದ ಇಷ್ಟು ವಸೂಲಿ ಮಾಡೋಣ ಎಂದು ಸಭೆಯಲ್ಲಿ ಉತ್ಸಾಹ ಬರುವುದು ಸಹಜ. ಆದರೆ ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿಯೇ ಹೇಳುತ್ತದೆ. ಶುಲ್ಕವಾದರೆ, ಯಾವ ಸೇವೆಗೆ ಎಂದು ತೋರಿಸಬೇಕು.

ಆದ್ದರಿಂದ ಶುಲ್ಕದ ಲೆಕ್ಕ ಕರಡಿನ ಜೊತೆಗೇ ಇರಲಿ. ಉದಾಹರಣೆಗೆ, ಕಸ ಸಾಗಣೆಗೆ ತಿಂಗಳಿಗೆ 6 ಲಕ್ಷ ರೂಪಾಯಿ ಖರ್ಚು ಎಂದುಕೊಳ್ಳಿ. 5,000 ಮನೆಗೆ ತಲಾ 60 ರೂಪಾಯಿಯಂತೆ 3 ಲಕ್ಷ, 300 ಹೋಟೆಲ್, ಲಾಡ್ಜ್, ಹೋಂಸ್ಟೇಗಳಿಗೆ ತಲಾ 600ರಂತೆ 1.8 ಲಕ್ಷ. ಉಳಿದ 1.2 ಲಕ್ಷ ಯಾವ ನಿಧಿಯಿಂದ ಬರುತ್ತದೆ ಎಂದು ಬರೆದಿಟ್ಟರೆ ಆಕ್ಷೇಪಣೆಯ ಅರ್ಧ ಭಾರ ಇಳಿಯುತ್ತದೆ. ಲೆಕ್ಕವಿಲ್ಲದೆ ಬರೀ ದರ ಕಂಡರೆ ಜನ ಅದನ್ನು ಹೊರೆ ಎಂದೇ ಓದುತ್ತಾರೆ, ಅದು ನ್ಯಾಯವೇ. ದರಗಳು ಮುಖ್ಯ ಪಠ್ಯದಲ್ಲಿ ಬೇಡ, ಅನುಸೂಚಿಯಲ್ಲಿರಲಿ. ಮುಂದೆ ತಿದ್ದುವಾಗ ಅನುಸೂಚಿಯೊಂದನ್ನೇ ಎತ್ತಿಕೊಳ್ಳಬಹುದು.

ಸರ್ಕಾರ ಕೊಡುವ ಕಸದ ಮಾದರಿ ಬೈಲಾವನ್ನು ಹಾಗೇ ಇಳಿಸಿಕೊಳ್ಳುವುದು ಅತಿ ದೊಡ್ಡ ತಪ್ಪು. ಅದು ಬಯಲುಸೀಮೆಯ ಊರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ‘ಪ್ರತಿ ಮನೆ ಬಾಗಿಲಿಗೂ ವಾಹನ’ ಎಂದು ಬರೆದರೆ ಅದು ಸ್ಥಳೀಯ ಸಂಸ್ಥೆಯ ಕರ್ತವ್ಯವಾಗಿಬಿಡುತ್ತದೆ. ಮಡಿಕೇರಿಯ ಗುಡ್ಡದ ಮೇಲಿನ ಮೆಟ್ಟಿಲ ದಾರಿಗಳಿಗೆ ಆಟೋ ಟಿಪ್ಪರ್ ಹತ್ತುವುದೇ ಇಲ್ಲ. ‘ವಾಹನ ಹೋಗದ ಕಡೆ, ವಾರ್ಡುವಾರು ಪ್ರಕಟಿಸಿದ ಸ್ಥಳ’ ಎಂದು ಸೇರಿಸಿ, ಆ ಸ್ಥಳಗಳ ಪಟ್ಟಿ ಲಗತ್ತಿಸಿ. ಮನೆಯಲ್ಲೇ ಗುಂಡಿ ಗೊಬ್ಬರ ಮಾಡಬೇಕೆಂಬ ಖಂಡಕ್ಕೂ ಇದೇ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಗುಂಡಿಯಲ್ಲಿ ನೀರು ತುಂಬಿ ಕಸ ಕೊಳೆತು ನಾರುತ್ತದೆ, ಗೊಬ್ಬರವಾಗುವುದಿಲ್ಲ. ‘ಮಾಡು ಇರುವ ತೊಟ್ಟಿ’ ಎಂಬ ಮಾತು ಅಲ್ಲಿ ಬೇಕು.

ವ್ಯಾಖ್ಯೆಯಲ್ಲಿ ‘ಮಾಲೀಕ’ ಎಂಬ ಪದದ ಮೇಲೆ ಒಂದಿಡೀ ಬೆಳಿಗ್ಗೆ ಕೂತರೂ ತಪ್ಪಿಲ್ಲ. ಜಮ್ಮಾ ಜಾಗಗಳಲ್ಲಿ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಗಳಲ್ಲಿ, ದಾಖಲೆ ಒಕ್ಕದ (ಮನೆತನದ) ಪಟ್ಟೇದಾರರ, ಅಂದರೆ ಯಜಮಾನರ ಹೆಸರಿನಲ್ಲಿರುತ್ತದೆ, ಎಷ್ಟೋ ಸಲ ಅವರು ತೀರಿಕೊಂಡಿರುತ್ತಾರೆ. ಮನೆಯಲ್ಲಿರುವವರು ಬೇರೆ, ಹೋಂಸ್ಟೇ ನಡೆಸುವವರು ಇನ್ನೊಬ್ಬರು. ಮಾಲೀಕನಿಗೆ ಮಾತ್ರ ನೋಟಿಸು ಎಂದಿದ್ದರೆ ಅದು ಹಿಂದಿರುಗಿ ಕಡತ ಸೇರುತ್ತದೆ. ಅಧಿಭೋಗದಾರ (ಜಾಗದಲ್ಲಿ ವಾಸವಿರುವವ), ಬಾಡಿಗೆದಾರ, ಉದ್ದಿಮೆ ನಡೆಸುವವ ಮೂವರನ್ನೂ ವ್ಯಾಖ್ಯೆಯಲ್ಲಿ ತನ್ನಿ. ಇದು ಹಕ್ಕಿನ ತೀರ್ಮಾನವಲ್ಲ, ಹೊಣೆಯ ವಿಷಯ ಮಾತ್ರ ಎಂಬ ಸಾಲನ್ನೂ ಸೇರಿಸಿ. ಆ ಸಾಲು ಇಲ್ಲದಿದ್ದರೆ ಒಕ್ಕದವರಿಗೆ ಆತಂಕವಾಗುತ್ತದೆ.

ಬೈಲಾ ಊರಿನ ಗಡಿಕಲ್ಲಿನವರೆಗೆ ಮಾತ್ರ. ಗಡಿಯಾಚೆ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯಿದೆ. ಗಡಿಯ ಈಚೆ ಕಠಿಣ ನಿಯಮ ಮಾಡಿದರೆ ಕಸ ಆಚೆಯ ತೋಡಿಗೆ ಬೀಳುತ್ತದೆ. ಕರಡಿನ ಪ್ರತಿಯನ್ನು ಸುತ್ತಲಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ (ಪಿಡಿಒ) ಕಳುಹಿಸಬೇಕು.

ಆಕ್ಷೇಪಣೆಗೆ ರೂಢಿಯಲ್ಲಿ 30 ದಿನ ಕೊಡುತ್ತಾರೆ. ಆ ದಿನಗಳು ವರ್ಷದ ಯಾವ ಕಾಲಕ್ಕೆ ಬೀಳುತ್ತವೆ ಎಂಬುದು ಇಲ್ಲಿ ಬಹಳ ಮುಖ್ಯ. ಜುಲೈ, ಆಗಸ್ಟ್‌ನಲ್ಲಿ ರಸ್ತೆ ಕುಸಿಯುತ್ತದೆ, ಕರೆಂಟು ಇರುವುದಿಲ್ಲ, ಅಧಿಕಾರಿಗಳೆಲ್ಲ ವಿಪತ್ತಿನ ಕೆಲಸದಲ್ಲಿರುತ್ತಾರೆ. ಆಮೇಲೆ ದಸರಾ, ತುಲಾ ಸಂಕ್ರಮಣ, ಸುಗ್ಗಿ ಹಬ್ಬವಾದ ಪುತ್ತರಿ, ಅದರ ಬೆನ್ನಿಗೇ ಕಾಫಿ ಕೊಯ್ಲು. ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳೇ ಸರಿಯಾದ ಕಾಲ. ಸೂಚನಾ ಫಲಕಕ್ಕೆ ಅಂಟಿಸಿದ ದಿನ ಮಹಜರು ಮಾಡಿ, ದಿನಾಂಕ ಕಾಣುವಂತೆ ಫೋಟೋ ತೆಗೆದಿಡಿ. ಮಂಜಿಗೇ ಕಾಗದ ಉದುರಿಹೋಗುವ ಊರಿದು.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಆಕ್ಷೇಪಣೆ ವಹಿಯಲ್ಲಿದೆ. ಕ್ರಮಸಂಖ್ಯೆ, ಬಂದ ದಿನ, ಖಂಡದ ಸಂಖ್ಯೆ, ಸಾರಾಂಶ, ತೀರ್ಮಾನ, ಕಾರಣ. ಪ್ರತಿಯೊಬ್ಬರಿಗೂ ಸ್ವೀಕೃತಿ ಕೊಡಬೇಕು. ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಷರಾ ಯಾರಿಗೂ ಉತ್ತರವಲ್ಲ. ಏಕೆ ಎಂದು ಎರಡು ಸಾಲು ಬರೆಯಲೇಬೇಕು. ಕಡತದ ಭಾಷೆ ಕನ್ನಡವೇ, ಆದರೆ ವಾರ್ಡ್ ಸಭೆಯಲ್ಲಿ ಜನ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳುವಿನಲ್ಲಿ ಮಾತಾಡುತ್ತಾರೆ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು, ಅವರ ಮಾತಿನಲ್ಲೇ ಓದಿ ಹೇಳಿ, ಸಹಿ ತೆಗೆದುಕೊಳ್ಳಿ. ಲಿಖಿತವಾಗಿ ಕೊಡಿ ಎಂದು ಕಳುಹಿಸಿದರೆ ಅರ್ಧ ಜನ ಮತ್ತೆ ಬರುವುದಿಲ್ಲ, ಪೌರಕಾರ್ಮಿಕರಂತೂ ಬರುವುದೇ ಇಲ್ಲ. ಕಸದ ಬೈಲಾದಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವವರು ಅವರು.

ಆಕ್ಷೇಪಣೆಯ ನಂತರ ಕರಡಿನಲ್ಲಿ ಇಲ್ಲದ ಹೊಸ ಹೊರೆಯನ್ನು ಸೇರಿಸಿದರೆ ಮತ್ತೆ ಪ್ರಕಟಿಸಬೇಕು. ಇಲ್ಲದಿದ್ದರೆ ಮಂಜೂರಾದರೂ ಪ್ರಶ್ನೆ ಉಳಿಯುತ್ತದೆ. ಸಭೆಯ ನೋಟಿಸಿಗೆ ಪೂರ್ಣ ದಿನಗಳನ್ನು ಎಣಿಸುವಾಗ ನೋಟಿಸು ಕೊಟ್ಟ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ನಡವಳಿಯಲ್ಲಿ ಖಂಡವಾರು ತೀರ್ಮಾನ ಬರಲಿ, ‘ಸರ್ವಾನುಮತದಿಂದ ಅಂಗೀಕಾರ’ ಎಂಬ ಒಂದೇ ಸಾಲು ಸಾಲದು. ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ಇರುವ ಅವಧಿಯಲ್ಲಿ ದೊಡ್ಡ ತಿದ್ದುಪಡಿಗೆ ಕೈಹಾಕದಿರುವುದೇ ಒಳ್ಳೆಯದು. ವಾರ್ಡಿನಲ್ಲಿ ನಿಂತು ವಿವರಿಸುವವರೇ ಆಗ ಇರುವುದಿಲ್ಲ.

ರಾಜ್ಯಪತ್ರ ಬಂದ ದಿನವೇ ಕಚೇರಿಯ ಬೇರೆ ಕಾಗದಗಳೂ ಬದಲಾಗಬೇಕು: ದಂಡ ಹಾಕುವ ಅಧಿಕಾರ ಯಾರಿಗೆ ಎಂಬ ಆದೇಶ, ಹೊಸ ದರದ ರಸೀದಿ ಪುಸ್ತಕ, ಯಾರಿಂದ ಎಷ್ಟು ಬರಬೇಕೆಂದು ಬರೆಯುವ ಬೇಡಿಕೆ ವಹಿಯ ಹೊಸ ಶೀರ್ಷಿಕೆ, ಬಾಗಿಲಲ್ಲಿ ತೂಗುವ ನಾಗರಿಕ ಸನ್ನದಿನ (ಕಚೇರಿ ಸೇವೆಗಳ ಫಲಕದ) ದರಪಟ್ಟಿ. ಹಳೆಯ ರಸೀದಿ ಪುಸ್ತಕಗಳನ್ನು ಎಣಿಸಿ, ಉಳಿದ ಹಾಳೆಗಳನ್ನು ರದ್ದು ಮಾಡಿ, ಕಪಾಟಿಗೆ ಬೀಗ ಹಾಕಿದ ಮೇಲೆಯೇ ಹೊಸದನ್ನು ಆರೋಗ್ಯ ನಿರೀಕ್ಷಕರ ಕೈಗೆ ಕೊಡಿ.